ಮಳೆಗಾಲದಲ್ಲಿ ಟೇಬಲ್ ಟೆನಿಸ್ (ಟಿಟಿ) ಬ್ಯಾಟಿಗೆ ರಬ್ಬರ್ ಅಂಟಿಸುವುದು

ಚಿಕ್ಕಮಗಳೂರಿನ ಜುಲೈ ಜಡಿಮಳೆಯಲ್ಲಿ ಬ್ಯಾಟಿಗೆ ಹೊಸ ರಬ್ಬರ್ ಹಾಕುವವರು ಅವಸರ ಮಾಡಬಾರದು. ಚೆಂಡಿನ ವೇಗ ಹೆಚ್ಚಿಸುತ್ತಿದ್ದ, ಘಾಟು ವಾಸನೆಯ ಹಳೇ ಅಂಟು ‘ಸ್ಪೀಡ್ ಗ್ಲೂ’ 2008ರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ನಿಷಿದ್ಧ. ಈಗ ಬಳಸುವುದು ನೀರಿನ ಅಂಟು. ಗಾಳಿಯಲ್ಲಿ ತೇವವಿದ್ದಷ್ಟೂ ಅದು ಒಣಗುವುದು ನಿಧಾನ.

ಹಳೇ ಅಂಟನ್ನು ಬೆರಳಿನಿಂದ ಉಜ್ಜಿ ಉಂಡೆ ಮಾಡಿ ತೆಗೆಯಿರಿ. ಚಾಕು ಬೇಡ, ಮರದ ಸಿಬಿರು ಏಳುತ್ತದೆ. ರಬ್ಬರ್ ಹಿಂಬದಿಯ ಸ್ಪಂಜಿಗೂ ಬ್ಯಾಟಿನ ಮರಕ್ಕೂ ಹೊಸ ಅಂಟನ್ನು ತೆಳ್ಳಗೆ ಸವರಿ, ಹಾಲಿನಂತೆ ಬೆಳ್ಳಗಿದ್ದದ್ದು ಪೂರ್ತಿ ಪಾರದರ್ಶಕವಾಗುವವರೆಗೆ ಕಾಯಿರಿ. ಅರ್ಧ ಗಂಟೆ ದಾಟಿದರೂ ಸರಿಯೇ. ಒಂದು ಬಿಳಿ ಚುಕ್ಕೆ ಉಳಿದರೂ ಅಲ್ಲೇ ಗುಳ್ಳೆ. ಒಲೆಯ ಬಿಸಿಗೆ ಹಿಡಿದರೆ ಸ್ಪಂಜು ಸುರುಳಿಯಾಗುತ್ತದೆ, ಫ್ಯಾನ್ ಗಾಳಿ ಸಾಕು.

ಹಿಡಿಯ ಕಡೆಯಿಂದ ಶುರುಮಾಡಿ ಲಟ್ಟಣಿಗೆ ಉರುಳಿಸುತ್ತಾ ಕೂರಿಸಿ. ರಬ್ಬರ್ ಎಳೆಯಬೇಡಿ: ಎಳೆದು ಅಂಟಿಸಿದ್ದು ಕತ್ತರಿಸಿದ ಮೇಲೆ ಒಳಕ್ಕೆ ಸರಿದು ಮರದ ಅಂಚು ಬಯಲಾಗುತ್ತದೆ. ದಪ್ಪ ಪುಸ್ತಕಗಳನ್ನು ಹೇರಿ ಒಂದು ಗಂಟೆ ಬಿಟ್ಟು, ಹೊಸ ಬ್ಲೇಡಿನಿಂದ ಅಂಚು ಕತ್ತರಿಸಿ. ಪಂದ್ಯದ ನಿಯಮದಂತೆ ರಬ್ಬರ್, ಸ್ಪಂಜು, ಅಂಟು ಎಲ್ಲ ಸೇರಿ ಒಂದು ಬದಿಯ ದಪ್ಪ 4 ಮಿಲಿಮೀಟರ್ ಮೀರಬಾರದು. ಪದರದ ಮೇಲೆ ಪದರ ಬಳಿಯುವವರು ಎಡವುವುದು ಇಲ್ಲೇ.

ಆಡುವಾಗ ಚೆಂಡು ಜಾರಿ ಜಾರಿ ನೆಟ್ಟಿಗೆ ಬೀಳುತ್ತಿದ್ದರೆ ಅಂಟಿನ ತಪ್ಪಲ್ಲ, ರಬ್ಬರ್ ಮೇಲೆ ಪಸೆ ಕೂತಿದೆ. ಒಣ ಹತ್ತಿ ಬಟ್ಟೆಯಿಂದ ಒರೆಸಿ, ಚೆಂಡನ್ನೂ.