ಮಂಡಿಯ ಹಿಂದಿನ ರಕ್ತನಾಳದ ಉಬ್ಬಿಗೆ ಸ್ಟೆಂಟ್: ನನ್ನ ಅನುಭವ

ಮಂಡಿಯ ಹಿಂದಿನ ಕುಳಿಯಲ್ಲಿ ಗಂಟು ಕಂಡರೆ ಬೇಕರ್ ಸಿಸ್ಟ್ (ಕೀಲಿನ ನೀರು ತುಂಬಿದ ಚೀಲ) ಎಂದುಕೊಂಡು ಸೂಜಿ ಹಾಕಿ ನೀರು ತೆಗೆಯಲು ಹೊರಡುವುದು ಇಂದಿಗೂ ನಡೆಯುತ್ತದೆ. 74 ವರ್ಷದ ಅಡಿಕೆ ಬೆಳೆಗಾರರೊಬ್ಬರು ನನ್ನ ಬಳಿಗೆ ಬಂದದ್ದೂ ಅಂಥದೇ ಚೀಟಿಯೊಡನೆ. ಸೂಜಿ ಇನ್ನೂ ಚುಚ್ಚಿರಲಿಲ್ಲ ಎಂಬುದಷ್ಟೇ ಪುಣ್ಯ. ಅವರ ಎಡಮಂಡಿಯನ್ನು ತುಸು ಮಡಿಸಿ, ಹೆಬ್ಬೆರಳುಗಳನ್ನು ಮುಂದಿರಿಸಿ, ಉಳಿದ ಬೆರಳುಗಳಿಂದ ಕುಳಿಯನ್ನು ಒತ್ತಿ ನೋಡಿದಾಗ ಆ ಗಂಟು ಪ್ರತಿ ನಾಡಿಬಡಿತಕ್ಕೂ ನನ್ನ ಬೆರಳುಗಳನ್ನು ಎರಡೂ ಬದಿಗೆ ತಳ್ಳುತ್ತಿತ್ತು. ಅಂದರೆ ಅದು ನೀರಿನ ಗಂಟಲ್ಲ, ಉಬ್ಬಿದ ರಕ್ತನಾಳ. ಪಾದದ ಎರಡು ಬೆರಳುಗಳ ತುದಿ ನೀಲಿಗಟ್ಟಿತ್ತು.

ಹೊಟ್ಟೆಯ ಮಹಾಪಧಮನಿ ಉಬ್ಬಿದಾಗ ಒಡೆಯುವ ಭಯವಿರುತ್ತದೆ. ಮಂಡಿಯ ಹಿಂದೆ ಒಡೆಯುವುದು ಅಪರೂಪ. ಉಬ್ಬಿನೊಳಗೆ ಪದರಪದರವಾಗಿ ಕಟ್ಟಿದ ಹೆಪ್ಪು ಚೂರುಚೂರಾಗಿ ಕಳಚಿ ಕೆಳಗಿನ ಸಣ್ಣ ನಾಳಗಳನ್ನು ಮುಚ್ಚುವುದು ಅಥವಾ ಇಡೀ ನಾಳವೇ ಒಮ್ಮೆಗೇ ಕಟ್ಟಿಕೊಂಡು ಕಾಲನ್ನೇ ಕಳೆದುಕೊಳ್ಳುವಂತಾಗುವುದು ಇಲ್ಲಿನ ನಿಜವಾದ ಅಪಾಯ. ನೀಲಿಗಟ್ಟಿದ ಬೆರಳುಗಳು ಹೇಳುತ್ತಿದ್ದದ್ದು ಅದನ್ನೇ. ಈ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇನ್ನೊಂದು ಕಾಲಿನಲ್ಲೂ ಉಬ್ಬಿರುತ್ತದೆ, ಅನೇಕರಿಗೆ ಹೊಟ್ಟೆಯಲ್ಲೂ ಇರುತ್ತದೆ. ಆದ್ದರಿಂದ ಮೂರೂ ಕಡೆ ಸ್ಕ್ಯಾನ್ ಮಾಡಿಸಿದೆ. ಎಡಗಡೆ 31 ಮಿ.ಮೀ., ಬಲಗಡೆ 16 ಮಿ.ಮೀ., ಹೊಟ್ಟೆಯಲ್ಲಿ 34 ಮಿ.ಮೀ. ಸಾಮಾನ್ಯವಾಗಿ 20 ಮಿ.ಮೀ. ದಾಟಿದರೆ ಚಿಕಿತ್ಸೆಯ ಮಾತು ಬರುತ್ತದೆ. ಎಡಗಾಲು ಕಾಯುವ ಸ್ಥಿತಿಯಲ್ಲಿರಲಿಲ್ಲ.

ಆರೋಗ್ಯವಂತರಾದ, ಕಾಲಿನಲ್ಲಿ ಒಳ್ಳೆಯ ಅಭಿಧಮನಿ ಉಳ್ಳವರಿಗೆ ನಾನು ಈಗಲೂ, ಆ ಅಭಿಧಮನಿಯನ್ನೇ ಜೋಡಿಸಿ ರಕ್ತಕ್ಕೆ ಬಳಸುದಾರಿ ಮಾಡುವ ಬೈಪಾಸ್ ಶಸ್ತ್ರಚಿಕಿತ್ಸೆಯನ್ನೇ ಹೇಳುತ್ತೇನೆ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1785ರಲ್ಲಿ ಒಬ್ಬ ಗಾಡಿ ಹೊಡೆಯುವವನಿಗೆ ಇದೇ ಕಾಯಿಲೆ ಬಂದಾಗ ತೊಡೆಯಲ್ಲಿ ನಾಳವನ್ನು ಕಟ್ಟಿ ಕಾಲನ್ನು ಉಳಿಸಿದ್ದರು. ಅಲ್ಲಿಂದ ಬಹುದೂರ ಬಂದಿದ್ದರೂ ದೇಹದ ಸ್ವಂತ ಅಭಿಧಮನಿಯಷ್ಟು ಬಾಳುವ ಕೊಳವೆಯನ್ನು ಯಾರೂ ಇನ್ನೂ ತಯಾರಿಸಿಲ್ಲ. ಆದರೆ ಈ ಹಿರಿಯರಿಗೆ ಹೃದಯದ ಬೈಪಾಸ್ ಆಗಿ, ಎರಡೂ ಕಾಲುಗಳ ಉದ್ದನೆಯ ಅಭಿಧಮನಿಗಳು ಆಗಲೇ ಖರ್ಚಾಗಿದ್ದವು, ಹೃದಯದ ಶಕ್ತಿಯೂ ಕುಂದಿತ್ತು. ಮಂಡಿಯ ಕೆಳಗಿನ ಮೂರು ನಾಳಗಳಲ್ಲಿ ಎರಡು ಪಾದದವರೆಗೂ ತೆರೆದಿದ್ದವು. ಹಾಗಾಗಿ ಸ್ಟೆಂಟ್ ಗ್ರಾಫ್ಟ್, ಅಂದರೆ ಕೃತಕ ನಾಳದ ತೆಳು ಪದರ ಹೊದಿಸಿದ ಲೋಹದ ಜಾಳಿಗೆಯ ಕೊಳವೆ ಹಾಕಲು ನಿರ್ಧರಿಸಿದೆ.

ತೊಡೆಸಂದಿಗೆ ಮಾತ್ರ ಅರಿವಳಿಕೆ ಕೊಟ್ಟು, ಅಲ್ಲಿಂದ ಕೆಳಮುಖವಾಗಿ ವೈರ್ ಇಳಿಸಿ, ಹೆಪ್ಪನ್ನು ಆದಷ್ಟು ಕೆದಕದಂತೆ ಉಬ್ಬನ್ನು ದಾಟಿದೆ. ಎಕ್ಸ್‌ರೇಯಲ್ಲಿ ನಾಳ ಕಾಣುವಂತೆ ಡೈ ಹಾಕಿ ಕಾಲು ನೇರವಿದ್ದಾಗ ಒಂದು ಚಿತ್ರ ತೆಗೆದ ಮೇಲೆ ಮಂಡಿಯನ್ನು ಮಡಿಸಿ ಇನ್ನೊಂದು ತೆಗೆಯುವುದನ್ನು ನಾನು ಎಂದೂ ಬಿಡುವುದಿಲ್ಲ. ನಾಳ ಎಲ್ಲಿ ಮುರಿದಂತೆ ಬಾಗುತ್ತದೆ ಎಂಬುದು ನೇರ ಕಾಲಿನಲ್ಲಿ ತಿಳಿಯದು. ಇವರಲ್ಲಿ ಅದು ಕೀಲಿನ ಮಟ್ಟದಲ್ಲಿರದೆ ಮಂಡಿಚಿಪ್ಪಿನ ಮೇಲಂಚಿನ ಹತ್ತಿರವಿತ್ತು.

ಇದನ್ನು ಕಲಿತದ್ದು ನನ್ನದೇ ತಪ್ಪಿನಿಂದ. ಹಿಂದೊಬ್ಬರಿಗೆ ಎರಡು ಸ್ಟೆಂಟ್‌ಗಳ ಜೋಡಣೆ ಸರಿಯಾಗಿ ಬಾಗುವ ಜಾಗದಲ್ಲೇ ಬರುವಂತೆ ಹಾಕಿಬಿಟ್ಟಿದ್ದೆ. ಒಂದರೊಳಗೊಂದು ಸೇರಿದ ಕಡೆ ಕೊಳವೆ ಗಡುಸಾಗಿರುತ್ತದೆ, ಅದರ ಅಂಚಿನಲ್ಲಿ ನಾಳ ಮುರಿದಂತೆ ಮಡಿಯುತ್ತದೆ. ಐದನೆಯ ತಿಂಗಳಲ್ಲಿ, ಹಲ್ಲು ಕೀಳಿಸಲೆಂದು ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಮಾತ್ರೆಯನ್ನು ತಾವೇ ನಿಲ್ಲಿಸಿದ ವಾರದಲ್ಲಿ, ಸ್ಟೆಂಟ್ ಕಟ್ಟಿಕೊಂಡಿತು. ರಾತ್ರಿಯಿಡೀ ಕ್ಯಾಥೆಟರ್ ಮೂಲಕ ಹೆಪ್ಪು ಕರಗಿಸುವ ಔಷಧಿ ಹರಿಸಿ ಕಾಲನ್ನೇನೋ ಉಳಿಸಿದೆವು. ಮಾತ್ರೆಯ ಮೇಲೆ ದೂರು ಹೊರಿಸುವುದು ಸುಲಭವಾಗಿತ್ತು, ಆದರೆ ಎಕ್ಸ್‌ರೇಯಲ್ಲಿ ಜೋಡಣೆಯ ಅಂಚಿನ ತಂತಿ ಮುರಿದಿತ್ತು.

ಈ ಬಾರಿ ಕೆಳಗಿನ ನಾಳ 6.2 ಮಿ.ಮೀ. ಇದ್ದುದರಿಂದ 7 ಮಿ.ಮೀ. ಅಗಲದ, ಬಾಗುವ ಜಾಗವನ್ನು ಒಂದೇ ತುಂಡಾಗಿ ದಾಟಿ ತೊಡೆಯವರೆಗೆ ಬರುವಷ್ಟು ಉದ್ದದ ಸ್ಟೆಂಟನ್ನು ಮೊದಲು ಇಟ್ಟೆ. ಆಮೇಲೆ 7.2 ಮಿ.ಮೀ. ಇದ್ದ ಮೇಲಿನ ನಾಳಕ್ಕೆ 8 ಮಿ.ಮೀ.ನದನ್ನು ಮೊದಲಿನದರೊಳಗೆ ಕೂರಿಸಿದೆ. ನಾಳಕ್ಕಿಂತ ಹತ್ತು ಹದಿನೈದು ಶೇಕಡಾ ದೊಡ್ಡದಿದ್ದರೆ ಸಾಕು. ಅದಕ್ಕಿಂತ ಮಿಕ್ಕಿದರೆ ಹೊದಿಕೆ ನೆರಿಗೆಗಟ್ಟಿ, ಆ ನೆರಿಗೆಯಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಉಬ್ಬಿನ ಮೇಲೂ ಕೆಳಗೂ ಎರಡೆರಡು ಸೆಂ.ಮೀ. ಒಳ್ಳೆಯ ನಾಳವನ್ನು ಹಿಡಿಯುವಂತೆ ನೋಡಿಕೊಂಡೆ. ಸ್ಟೆಂಟನ್ನು ಮುದುಡಿ ಹಿಡಿದಿರುವ ದಾರವನ್ನು ನಿಧಾನವಾಗಿ ಎಳೆದಂತೆ ಸ್ಟೆಂಟ್ ಬಿಚ್ಚಿಕೊಳ್ಳುತ್ತದೆ. ಆ ಅರ್ಧ ನಿಮಿಷ ನನ್ನ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಬಲೂನಿನಿಂದ ಒತ್ತಿ, ಮತ್ತೆ ಮಂಡಿ ಮಡಿಸಿ ಡೈ ಹಾಕಿದಾಗ ಕೊಳವೆ ದುಂಡಗೆ ಬಾಗಿತು, ಎಲ್ಲೂ ಮುರಿಯಲಿಲ್ಲ, ಉಬ್ಬಿನೊಳಗೆ ಡೈ ಸೋರಲಿಲ್ಲ.

ಮರುದಿನ ಬೆಳಿಗ್ಗೆ ರೌಂಡ್ಸ್‌ಗೆ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಪಂಕ್ತಿಯಲ್ಲಿ ಊಟಕ್ಕೆ ಕೂರಬಹುದಾ?"

"ಬೇಡ ಯಜಮಾನ್ರೇ, ಟೇಬಲ್ ಊಟವೇ ಇರಲಿ. ನಡೆಯುವುದಕ್ಕೆ ಮಾತ್ರ ಏನೂ ಅಡ್ಡಿಯಿಲ್ಲ" ಎಂದೆ. ಪಾಶ್ಚಾತ್ಯ ಲೇಖನಗಳಲ್ಲಿ ಕಾಣುವ ರೋಗಿ ಕುರ್ಚಿಯಿಂದ ಕುರ್ಚಿಗೆ ಹೋಗುವವನು. ನಮ್ಮವರು ಚಕ್ಕಳಮಕ್ಕಳ ಹಾಕುತ್ತಾರೆ, ತೋಟದಲ್ಲಿ ಕುಕ್ಕರುಗಾಲಲ್ಲಿ ಕೂತು ಅಡಿಕೆ ಹೆಕ್ಕುತ್ತಾರೆ, ಶೌಚಕ್ಕೂ ಹಾಗೆಯೇ ಕೂರುತ್ತಾರೆ. ಅದನ್ನೆಲ್ಲ ವಿಚಾರಿಸದೆ ಈ ಸ್ಟೆಂಟ್ ಹಾಕುವುದು ಅರ್ಧ ಕೆಲಸ ಎಂಬುದು ನನ್ನ ಅಭಿಪ್ರಾಯ. ಬಿಡುಗಡೆಯ ಚೀಟಿಯಲ್ಲಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳ ಕೆಳಗೆ "ಕಮೋಡ್ ಹಾಕಿಸಿಕೊಳ್ಳಿ" ಎಂದೂ, "ಹಲ್ಲಿನ ಡಾಕ್ಟರು ಹೇಳಿದರೂ ನನ್ನನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ" ಎಂದೂ ಕನ್ನಡದಲ್ಲೇ ಬರೆದುಕೊಟ್ಟೆ.

ಒಂದು ತಿಂಗಳಿಗೂ ಆರು ತಿಂಗಳಿಗೂ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಮಾಡಿಸಿದ್ದೇವೆ. ಎಡಗಡೆಯ ಉಬ್ಬು 27 ಮಿ.ಮೀ.ಗೆ ಕುಗ್ಗಿದೆ, ಬೆರಳುಗಳ ನೀಲಿ ಹೋಗಿದೆ. ಬಲಗಡೆಯದು 18 ಮಿ.ಮೀ.ಗೆ ಬಂದಿದೆ, ಅದರ ಮುಂದಿನ ಸ್ಕ್ಯಾನ್ ಅಡಿಕೆ ಕೊಯ್ಲು ಮುಗಿದ ಮೇಲೆ.