ನಗು ಬಂದ ಜಾಗ 12ನೇ ನಿಮಿಷ, ತಪ್ಪಿದ್ದ ಜಾಗ ಮೊದಲ ನಿಮಿಷ

ನಾನು ಸಂಕಲನ ಮಾಡಿದ ಮೊದಲ ಥ್ರಿಲ್ಲರ್ ಕಿರುಚಿತ್ರ 24 ನಿಮಿಷದ್ದು. ಒಂಟಿಯಾಗಿ ಬದುಕುವ ಮಹಿಳೆಯೊಬ್ಬಳು ಪ್ರವಾಸ ಮುಗಿಸಿ ಮನೆಗೆ ಮರಳುತ್ತಾಳೆ. ತಾನಿಲ್ಲದಾಗ ಒಳಗೆ ಯಾರೋ ಇದ್ದರು, ಬಹುಶಃ ಇನ್ನೂ ಇದ್ದಾರೆ ಎಂಬುದು ಅವಳಿಗೆ ಮೆಲ್ಲಗೆ ಅರಿವಾಗುತ್ತದೆ. ಕಥೆ ಗಟ್ಟಿಯಾಗಿತ್ತು, ನಟಿಯೂ ಚೆನ್ನಾಗಿ ಮಾಡಿದ್ದರು. ಆದರೂ ಮೊದಲ ಸಲ ಕೆಲವರಿಗೆ ತೋರಿಸಿದಾಗ, 12ನೇ ನಿಮಿಷದಲ್ಲಿ ಕಪಾಟಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿದ್ದಂತೆ ಇಬ್ಬರು ನಕ್ಕುಬಿಟ್ಟರು. ಎದೆ ಝಲ್ ಎನ್ನಬೇಕಾದ ಜಾಗ ಅದು. ದೃಶ್ಯವೇ ಸರಿಯಿಲ್ಲ ಎಂದುಕೊಂಡು ಒಂದು ವಾರ ಅದನ್ನೇ ಕತ್ತರಿಸಿ ಜೋಡಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಆಮೇಲೆ ಚಿತ್ರದ ಗಂಧಗಾಳಿ ಇಲ್ಲದ ಆರು ಮಂದಿಯನ್ನು ಕೂರಿಸಿ, ಮೊದಲ 90 ಸೆಕೆಂಡು ಮಾತ್ರ ತೋರಿಸಿ ನಿಲ್ಲಿಸಿದೆ. ಇದು ಎಂಥ ಸಿನಿಮಾ, ಮುಂದೆ ಏನಾಗಬಹುದು ಎಂದು ಚೀಟಿಯಲ್ಲಿ ಬರೆಯಲು ಕೇಳಿಕೊಂಡೆ. ನಾಲ್ವರು ಕೌಟುಂಬಿಕ ಕಥೆ ಎಂದಿದ್ದರು. ಒಂದು ಚೀಟಿಯಲ್ಲಿ 'ತೀರಿಹೋದ ತಾಯಿಯ ನೆನಪು' ಎಂದಿತ್ತು. ಆ ಚೀಟಿ ನನ್ನ ಕಣ್ಣು ತೆರೆಸಿತು. ನಮ್ಮ ಆರಂಭದಲ್ಲಿ ಇದ್ದದ್ದೇನು? ಕಿಟಕಿಯಿಂದ ಇಳಿಯುವ ಎಳೆಬಿಸಿಲು, ಗೋಡೆಯ ಮೇಲಿನ ಹಳೆಯ ಫೋಟೊಗಳು, ಮೆಲುವಾದ ಪಿಟೀಲು, ಬಳ್ಳಿಯಂತೆ ಬಳುಕುವ ಅಕ್ಷರಗಳಲ್ಲಿ ಶೀರ್ಷಿಕೆ. ನೆನಪಿನ ಕಥೆಗೆ ಮನಸ್ಸು ಹದಮಾಡಿಕೊಂಡು ಕುಳಿತವರಿಗೆ ತಾನಾಗಿ ತೆರೆದ ಕಪಾಟು ಹಾಸ್ಯವಾಗಿ ಕಂಡದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಮರುಚಿತ್ರೀಕರಣಕ್ಕೆ ಹಣವಿರಲಿಲ್ಲ. ಇದ್ದ ಶಾಟ್‌ಗಳಲ್ಲೇ ದಾರಿ ಹುಡುಕಬೇಕಿತ್ತು. ಆಗ ಆರ್ಸನ್ ವೆಲ್ಸ್ ಅವರ 1958ರ 'ಟಚ್ ಆಫ್ ಈವಿಲ್' ಚಿತ್ರದ ಆರಂಭವನ್ನು ಮತ್ತೆ ಮತ್ತೆ ನೋಡಿದೆ. ಕಾರಿನ ಡಿಕ್ಕಿಯಲ್ಲಿ ಒಬ್ಬ ಟೈಂಬಾಂಬ್ ಇಡುತ್ತಾನೆ. ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಒಂದೇ ಶಾಟ್‌ನಲ್ಲಿ ಕ್ಯಾಮೆರಾ ಆ ಕಾರನ್ನೂ ಅದರ ಆಸುಪಾಸಿನಲ್ಲೇ ನಡೆದು ಹೋಗುವ ದಂಪತಿಯನ್ನೂ ಹಿಂಬಾಲಿಸುತ್ತದೆ. ಬಾಂಬ್ ಇರುವುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಬಿಡುಗಡೆಯಾದಾಗ ಆ ಶಾಟ್‌ನ ಮೇಲೆ ಕಲಾವಿದರ ಹೆಸರುಗಳೂ ಹೆನ್ರಿ ಮ್ಯಾನ್ಸಿನಿ ಅವರ ಸಂಗೀತವೂ ಇದ್ದವು. ವೆಲ್ಸ್ ಬರೆದಿಟ್ಟಿದ್ದ ಟಿಪ್ಪಣಿಯನ್ನು ಆಧರಿಸಿ 1998ರಲ್ಲಿ ವಾಲ್ಟರ್ ಮರ್ಚ್ ಮರುಸಂಕಲನ ಮಾಡಿದಾಗ ಹೆಸರುಗಳು ಹೋದವು; ಆ ಸಂಗೀತದ ಜಾಗಕ್ಕೆ ಬೀದಿಯ ಸದ್ದು, ಕಾರಿನ ರೇಡಿಯೊ ಬಂದವು. ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಮೊದಲನೆಯದು ಚಿತ್ರ ಶುರುವಾಯಿತು ಎಂದು ಸಾರುತ್ತದೆ. ಎರಡನೆಯದರಲ್ಲಿ ರೇಡಿಯೊ ಸದ್ದು ಹತ್ತಿರ ಬಂದಾಗಲೆಲ್ಲ ಬಾಂಬೂ ಹತ್ತಿರ ಬಂದಂತಾಗಿ ನಾನು ಉಸಿರು ಬಿಗಿಹಿಡಿದೆ.

ನಾನೂ ಮೊದಲು ಪಿಟೀಲನ್ನು ತೆಗೆದೆ. ಖಾಲಿ ಮನೆಯಲ್ಲಿ ಫ್ರಿಜ್ ಗುಂಯ್‌ಗುಡುವುದಷ್ಟೇ ಉಳಿಯಿತು. ಅದನ್ನು ತುಸು ಏರಿಸಿದೆ. ಫೋಟೊಗಳ ಶಾಟ್‌ಗಳನ್ನು ಪೂರ್ತಿ ಕೈಬಿಟ್ಟೆ. ಛಾಯಾಗ್ರಾಹಕರಿಗೆ ಬೇಸರವಾಯಿತು, ನನಗೂ ಆಯಿತು.

18ನೇ ನಿಮಿಷಕ್ಕೆಂದು ತೆಗೆದಿದ್ದ ಒಂದು ಶಾಟ್ ಇತ್ತು: ಸಿಂಕಿನ ಪಕ್ಕದಲ್ಲಿ ಒಂದು ಗಾಜಿನ ಲೋಟ, ಅದರ ಹೊರಮೈ ಮೇಲೆ ಜಾರುವ ಒಂದು ಹನಿ. ಅದನ್ನು ತಂದು ಎಲ್ಲಕ್ಕಿಂತ ಮೊದಲು ಇಟ್ಟೆ. ಅದಾದ ಮೇಲೆ ಬಾಗಿಲ ಹೊರಗೆ ಸೂಟ್‌ಕೇಸ್, ಬೀಗದಲ್ಲಿ ತಿರುಗುವ ಕೀಲಿ. ಕೀಲಿ ಮೊದಲು ಬಂದರೆ, ಅವಳೇ ಬಂದು ನೀರು ಕುಡಿದಳು ಎಂದಾಗುತ್ತದೆ. ಲೋಟ ಮೊದಲು ಬಂದರೆ, ಬೀಗ ಹಾಕಿದ ಮನೆಯಲ್ಲಿ ನೀರು ಕುಡಿದವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ. ಶಾಟ್‌ಗಳು ಅವೇ ಎರಡು.

ಉದ್ದವನ್ನು ಹೊಂದಿಸಲು ಒಂದಿಡೀ ರಾತ್ರಿ ಹಿಡಿಯಿತು. ನಾಲ್ಕು ಸೆಕೆಂಡು ಇಟ್ಟರೆ ಅದು ಬರೀ ಲೋಟ, ಮನೆಯ ಸಾಮಾನು. ಆರು ದಾಟಿದ ಮೇಲೆ ಇದನ್ನೇಕೆ ತೋರಿಸುತ್ತಿದ್ದಾರೆ ಎಂದು ಕಣ್ಣು ಹುಡುಕತೊಡಗುತ್ತದೆ, ಆಗ ಹನಿ ಕಾಣುತ್ತದೆ. ಒಂಬತ್ತನೇ ಸೆಕೆಂಡಿಗೆ ಹನಿ ಲೋಟದ ಬುಡ ಮುಟ್ಟುತ್ತದೆ. ಅಲ್ಲಿಗೆ, ಅಂದರೆ 216ನೇ ಫ್ರೇಮಿಗೆ ಕತ್ತರಿಸಿದೆ. ಇನ್ನೆರಡು ಸೆಕೆಂಡು ಬಿಟ್ಟು ನೋಡಿದಾಗ ಬಿಗಿಯೆಲ್ಲ ಸಡಿಲವಾಯಿತು.

ಶೀರ್ಷಿಕೆಗೆ ನೆಟ್ಟಗಿನ ಸಣ್ಣ ಬಿಳಿ ಅಕ್ಷರಗಳನ್ನು ಆರಿಸಿ, ಕೀಲಿ ತಿರುಗುವ ಸದ್ದನ್ನು ಆ ಕಪ್ಪು ಪರದೆಯ ಮೇಲೂ ಮುಂದುವರಿಸಿದೆ.

ಒಂದು ಕಡೆ ಅತಿಯಾಯಿತು. ಬಿಗಿ ಸಾಲದೆಂದು ತಳದಲ್ಲಿ ಒಂದು ಮಂದ್ರ ನಾದವನ್ನು ಸೇರಿಸಿದ್ದೆ. ಅದನ್ನು ಕೇಳಿದ ಗೆಳೆಯರೊಬ್ಬರು 'ದೆವ್ವದ ಸಿನಿಮಾ ಅಲ್ಲವೇ?' ಎಂದರು. ನಮ್ಮ ಚಿತ್ರದಲ್ಲಿ ದೆವ್ವವಿಲ್ಲ, ಮನುಷ್ಯನೇ ಇರುವುದು. ಹಾರರ್‌ಗೆ ಸಿದ್ಧರಾಗಿ ಬಂದವರು ಕೊನೆಗೆ ಮನುಷ್ಯನನ್ನು ಕಂಡು ಇಷ್ಟೇನಾ ಎನ್ನುತ್ತಾರೆ. ಆ ನಾದವನ್ನು ಅಂದೇ ತೆಗೆದೆ.

ಬೇರೆ ಆರು ಮಂದಿಗೆ ಮತ್ತೆ ಅದೇ 90 ಸೆಕೆಂಡು, ಮತ್ತೆ ಚೀಟಿ. ಐವರು ಒಂದಲ್ಲ ಒಂದು ರೀತಿಯಲ್ಲಿ 'ಒಳಗೆ ಯಾರೋ ಇದ್ದಾರೆ' ಎಂದೇ ಬರೆದಿದ್ದರು. ಅಂದೇ ಪೂರ್ತಿ ಚಿತ್ರವನ್ನೂ ತೋರಿಸಿದೆ. ಕಪಾಟಿನ ದೃಶ್ಯಕ್ಕೆ ವಾರವಿಡೀ ಮಾಡಿದ ತಿದ್ದುಪಡಿಗಳನ್ನೆಲ್ಲ ಕಿತ್ತು, ಇಬ್ಬರು ನಕ್ಕಿದ್ದ ಮೊದಲ ರೂಪದಲ್ಲೇ ಇಟ್ಟಿದ್ದೆ. ಬಾಗಿಲು ತೆರೆದುಕೊಂಡಾಗ ಮುಂದಿನ ಸಾಲಿನಲ್ಲಿದ್ದ ಮಹಿಳೆ ಎರಡೂ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡರು.