ರೋಗ ತಡೆಯುವ ಗಿಡ, ವಾಹನದ ಚಾರ್ಜರ್: ಪೇಟೆಂಟ್ ಓದುವ ಬಗೆ

ಪೇಟೆಂಟ್ ಕಡತವನ್ನು ಮೊದಲ ಪುಟದಿಂದ ಸಾಲಾಗಿ ಓದಲು ಕೂರಬೇಡಿ. ‘ರೋಗ ನಿರೋಧಕ ಟೊಮೇಟೊ ಗಿಡಗಳು’ ಎಂಬ ಶೀರ್ಷಿಕೆ ನೋಡಿ, ಅಂಥ ಗಿಡವೆಲ್ಲ ಒಬ್ಬರ ಪಾಲಾಯಿತು ಎಂದು ಬಹಳ ಮಂದಿ ಹೆದರುತ್ತಾರೆ. ಹಾಗಲ್ಲ. ಹಕ್ಕಿನ ಬೇಲಿ ಇರುವುದು ಕ್ಲೇಮ್‌ಗಳಲ್ಲಿ, ಅಂದರೆ ಸಂಖ್ಯೆ ಹಾಕಿ ಬರೆದ ಆ ಉದ್ದುದ್ದ ವಾಕ್ಯಗಳಲ್ಲಿ. ಉಳಿದದ್ದೆಲ್ಲ ಅವುಗಳ ಅರ್ಥ ಬಿಡಿಸಲು.

ಹುಡುಕಾಟಕ್ಕೆ ಎಸ್ಪಾಸೆನೆಟ್, ಗೂಗಲ್ ಪೇಟೆಂಟ್ಸ್ ಎಂಬ ಜಾಲತಾಣಗಳಿವೆ, ಎರಡೂ ಉಚಿತ. ಬರೀ ಪದ ಹಾಕಿ ಹುಡುಕಿದರೆ ಅರ್ಧ ಕೈತಪ್ಪುತ್ತದೆ. ಒಬ್ಬರು ‘ಚಾರ್ಜರ್’ ಎಂದದ್ದನ್ನು ಇನ್ನೊಬ್ಬರು ‘ವಿದ್ಯುತ್ ಪೂರೈಕೆ ಸಾಧನ’ ಎಂದಿರುತ್ತಾರೆ. ಹಾಗಾಗಿ ವರ್ಗೀಕರಣ ಸಂಕೇತ, ಅಂದರೆ ವಿಷಯಕ್ಕೆ ತಕ್ಕಂತೆ ಪೇಟೆಂಟ್ ಕಚೇರಿಗಳು ಹಾಕುವ ಗುರುತು, ಬಳಸಿ. ವಾಹನ ಚಾರ್ಜಿಂಗ್ ಬಿ60ಎಲ್ 53ರ ಕೆಳಗೆ ಬರುತ್ತದೆ: 53/12 ತಂತಿಯಿಲ್ಲದ ಚಾರ್ಜಿಂಗ್, 53/14 ತಂತಿಯ ಚಾರ್ಜಿಂಗ್, 53/80 ಬ್ಯಾಟರಿ ಬದಲಾವಣೆ. ಜೀನ್ ಸೇರಿಸಿ ಅಥವಾ ಬದಲಿಸಿ ರೋಗ ತಡೆಯುವ ಗಿಡಗಳಿಗೆ ಸಿ12ಎನ್ 15/82ರ ಒಳವಿಭಾಗಗಳಿವೆ: 15/8281 ಬ್ಯಾಕ್ಟೀರಿಯಾ, 15/8282 ಶಿಲೀಂಧ್ರ, 15/8283 ವೈರಸ್. ತಳಿ ಸಂವರ್ಧನೆಯ ದಾರಿ ಹಿಡಿದವು ಎ01ಎಚ್‌ನಲ್ಲಿ ಸಿಗುತ್ತವೆ. ಎರಡೂ ಕಡೆ ನೋಡಿ.

ಕಡತ ಸಿಕ್ಕ ಮೇಲೆ ಸಂಖ್ಯೆಯ ಬಾಲ ನೋಡಿ. ಎ1 ಎಂದಿದ್ದರೆ ಅದು ಸಾಮಾನ್ಯವಾಗಿ ಬರೀ ಅರ್ಜಿ. ಅಮೆರಿಕದ್ದು ಬಿ2, ಯುರೋಪಿನದು ಬಿ1 ಎಂದಿದ್ದರೆ ಮಂಜೂರಾದದ್ದು. ಅರ್ಜಿಯಲ್ಲಿ ಅಗಲವಾಗಿದ್ದ ಕ್ಲೇಮ್ ಮಂಜೂರಾಗುವಾಗ ಸಾಮಾನ್ಯವಾಗಿ ಕಿರಿದಾಗುತ್ತದೆ. ಎ1 ಓದಿ ನಿರ್ಧಾರ ಮಾಡಿದವರು ಇಲ್ಲದ ಬೇಲಿಗೆ ಹೆದರಿರುತ್ತಾರೆ. ಮೊದಲ ಪುಟದಲ್ಲಿ 30 ಎಂಬ ಸಂಕೇತದ ಮುಂದಿರುವುದು ಆದ್ಯತಾ ದಿನಾಂಕ, ಅಂದರೆ ಇದೇ ಆವಿಷ್ಕಾರಕ್ಕೆ ಮೊದಲ ಅರ್ಜಿ ಹಾಕಿದ ದಿನ. ಹೊಸತನವನ್ನು ಅಳೆಯುವುದು ಅದರಿಂದ. 22ರ ಮುಂದಿರುವುದು ಅರ್ಜಿ ಸಲ್ಲಿಸಿದ ದಿನ. 20 ವರ್ಷದ ಅವಧಿ ಎಣಿಸುವುದು ಸಾಮಾನ್ಯವಾಗಿ ಅಲ್ಲಿಂದ. ಈ ಎರಡರ ನಡುವೆ 12 ತಿಂಗಳವರೆಗೆ ಅಂತರ ಇರಬಹುದು, ಒಂದರ ಬದಲು ಇನ್ನೊಂದನ್ನು ಹಿಡಿದರೆ ಲೆಕ್ಕ ತಪ್ಪುತ್ತದೆ.

ಈಗ ಕ್ಲೇಮ್‌ಗೆ ಬನ್ನಿ. ‘ಕ್ಲೇಮ್ 1ರಲ್ಲಿ ಹೇಳಿದಂತೆ’ ಎಂದು ಶುರುವಾಗುವ ಅವಲಂಬಿತ ಕ್ಲೇಮ್‌ಗಳನ್ನು ಪಕ್ಕಕ್ಕಿಡಿ. ಸ್ವತಂತ್ರ ಕ್ಲೇಮ್ ಒಂದನ್ನು ಹಾಳೆಗಿಳಿಸಿ, ಅಲ್ಪವಿರಾಮ ಬಂದಲ್ಲೆಲ್ಲ ತುಂಡು ಮಾಡಿ, ಪ್ರತಿ ತುಂಡಿನ ಎದುರು ನಿಮ್ಮ ಸಾಧನದಲ್ಲಿ ಅದು ಇದೆಯೋ ಇಲ್ಲವೋ ಬರೆಯಿರಿ. ಎಲ್ಲ ತುಂಡುಗಳೂ ಇದ್ದರೆ ಮಾತ್ರ ನೀವು ಬೇಲಿಯ ಒಳಗೆ.

ತಿಳಿಯಲೆಂದು ಕಟ್ಟಿದ ಒಂದು ಕ್ಲೇಮ್ ನೋಡಿ: ‘ಕಂಟ್ರೋಲ್ ಪೈಲಟ್ ತಂತಿ, ಕನೆಕ್ಟರ್ ಪಿನ್ ಬಳಿ ತಾಪಮಾನ ಸೆನ್ಸರ್, ಹಾಗೂ ಮಿತಿ ದಾಟಿದಾಗ ಪೈಲಟ್ ಸಂಕೇತದ ಡ್ಯೂಟಿ ಸೈಕಲ್ ತಗ್ಗಿಸುವ ಕಂಟ್ರೋಲರ್ ಒಳಗೊಂಡ ಚಾರ್ಜಿಂಗ್ ಘಟಕ’. ಪೈಲಟ್ ತಂತಿ, ಅಂದರೆ ಚಾರ್ಜರ್ ಮತ್ತು ವಾಹನದ ನಡುವೆ ಸಂಕೇತ ಒಯ್ಯುವ ತಂತಿ, ಹೊಸದಲ್ಲ. ಐಇಸಿ 61851-1 ಮಾನದಂಡದಲ್ಲೇ 1 ಕಿಲೋಹರ್ಟ್ಸ್ ಸಂಕೇತವಿದೆ; ಡ್ಯೂಟಿ ಸೈಕಲ್ (ಪ್ರತಿ ಆವರ್ತದಲ್ಲಿ ಸಂಕೇತ ಮೇಲಿರುವ ಕಾಲದ ಪಾಲು) 10ರಿಂದ 85 ಶೇಕಡಾ ಒಳಗಿದ್ದಾಗ ಆ ಶೇಕಡಾವಾರನ್ನು 0.6ರಿಂದ ಗುಣಿಸಿದರೆ ವಾಹನ ಎಳೆಯಬಹುದಾದ ಆಂಪಿಯರ್ ಸಿಗುತ್ತದೆ. 53.3 ಶೇಕಡಾ ಇದ್ದರೆ 32 ಆಂಪಿಯರ್, ಅದನ್ನು 26.7ಕ್ಕೆ ಇಳಿಸಿದರೆ 16. ಹಾಗಾದರೆ ಇಲ್ಲಿ ಹೊಸತೆಂದು ಹೇಳಿಕೊಂಡಿರುವುದು ಸೆನ್ಸರ್‌ಗೂ ಡ್ಯೂಟಿ ಸೈಕಲ್‌ಗೂ ಹಾಕಿದ ಕೊಂಡಿ. ನಿಮ್ಮ ಚಾರ್ಜರ್ ಬಿಸಿಯಾದಾಗ ಕಾಂಟ್ಯಾಕ್ಟರ್ ಎಂಬ ಸ್ವಿಚ್ ಕಳಚಿ ಪೂರ್ತಿ ನಿಲ್ಲುತ್ತದೆ ಎಂದಾದರೆ ಮೂರನೇ ತುಂಡು ಅಕ್ಷರಶಃ ಹೊಂದುವುದಿಲ್ಲ. ಆದರೆ ಅಕ್ಷರಶಃ ಹೊಂದದಿದ್ದರೂ ನಿಮ್ಮ ಸಾಧನ ಹೆಚ್ಚುಕಡಿಮೆ ಅದೇ ಬಗೆಯಲ್ಲಿ ಅದೇ ಕೆಲಸ ಮಾಡಿದರೆ ‘ಸಮಾನ’ ಎನ್ನುವ ನ್ಯಾಯಾಲಯಗಳಿವೆ. ಇಂಥ ಅಂಚಿನಲ್ಲಿದ್ದರೆ ಪೇಟೆಂಟ್ ವಕೀಲರಿಗೆ ತೋರಿಸಿ.

‘ಒಳಗೊಂಡ’ ಎಂಬ ಪದ ಚಿಕ್ಕದು, ಕೆಲಸ ದೊಡ್ಡದು. ಇಂಗ್ಲಿಷ್ ಕಡತದಲ್ಲಿ ‘ಕಂಪ್ರೈಸಿಂಗ್’ ಎಂದಿದ್ದರೆ ನೀವು ಇನ್ನೂ ಹತ್ತು ಭಾಗ ಸೇರಿಸಿದರೂ ಒಳಗೇ ಇರುತ್ತೀರಿ. ‘ಕನ್ಸಿಸ್ಟಿಂಗ್ ಆಫ್’ ಎಂದಿದ್ದರೆ ಹೇಳಿದ್ದಷ್ಟೇ.

ಗಿಡಗಳ ಪೇಟೆಂಟ್‌ನಲ್ಲಿ ತೊಡಕು ಬೇರೆ ಥರದ್ದು. ಮೊದಲನೆಯದು ‘ಕನಿಷ್ಠ 90 ಶೇಕಡಾ ಸಾಮ್ಯ’ ಎಂಬ ಮಾತು, ಅಂದರೆ ಪ್ರೋಟೀನ್ ಅಥವಾ ಜೀನ್‌ನ ಅನುಕ್ರಮ ಅಷ್ಟು ಹೊಂದಿದರೆ ಸಾಕು. 1000 ಅಮೈನೋ ಆಮ್ಲದ ಪ್ರೋಟೀನ್‌ನಲ್ಲಿ 100 ಕಡೆ ವ್ಯತ್ಯಾಸವಿದ್ದರೂ ಅದು ಬೇಲಿಯೊಳಗೆ. ಹೋಲಿಕೆಗೆ ಬ್ಲಾಸ್ಟ್ ಎಂಬ ತಂತ್ರಾಂಶ ಬಳಸುವಾಗ ಎಚ್ಚರ: ಅದು ಹೊಂದುವ ತುಣುಕನ್ನಷ್ಟೇ ಅಳೆಯುತ್ತದೆ. 200 ಅಮೈನೋ ಆಮ್ಲಗಳ ತುಣುಕು 95 ಶೇಕಡಾ ಹೊಂದಿತೆಂದರೆ ಇಡೀ ಪ್ರೋಟೀನ್ ಹೊಂದಿದಂತಲ್ಲ. ಪೂರ್ಣ ಉದ್ದ ಹೋಲಿಸಲು ಎಂಬಾಸ್ ನೀಡಲ್‌ನಂಥ ಉಪಕರಣ ಬೇಕು. ಯಾವ ವಿಧಾನ ಎಂಬುದು ಸಾಮಾನ್ಯವಾಗಿ ವಿವರಣೆಯಲ್ಲೇ ಇರುತ್ತದೆ, ಅದನ್ನೇ ಅನುಸರಿಸಿ. ಅನುಕ್ರಮಗಳು (ಅಮೈನೋ ಆಮ್ಲ ಅಥವಾ ಡಿಎನ್‌ಎ ಅಕ್ಷರಗಳ ಸಾಲು) ಪ್ರತ್ಯೇಕ ಪಟ್ಟಿಯಲ್ಲಿರುತ್ತವೆ, 2022ರ ಜುಲೈ 1ರಿಂದ ಎಸ್‌ಟಿ.26 ಎಂಬ ಮಾದರಿಯಲ್ಲಿ.

ಎರಡನೆಯದು ‘ನಿರೋಧಕ’ ಎಂಬ ಪದ. ಯಾವ ರೋಗಾಣು, ಅದರ ಯಾವ ರೇಸ್ (ಒಳಬಗೆ), ಎಷ್ಟು ದಿನಕ್ಕೆ ನೋಡಿದರು, ಯಾವ ಅಳತೆಪಟ್ಟಿ, ಹೋಲಿಕೆಗೆ ಯಾವ ತಳಿ? ಇವು ಸಿಗದಿದ್ದರೆ ಕ್ಲೇಮ್ ಸಡಿಲ ಎಂದು ಗುರುತು ಹಾಕಿಕೊಳ್ಳಿ. ರೋಗದ ಹೆಸರಷ್ಟೇ ಸಾಲದು, ಏಕೆಂದರೆ ಒಂದು ರೇಸ್ ತಡೆಯುವ ಜೀನ್ ಇನ್ನೊಂದರ ಮುಂದೆ ಸೋಲುತ್ತದೆ. ನಿರೋಧಕತೆ ಬಂದ ದಾರಿಯನ್ನೂ ನೋಡಿ. ಬಾರ್ಲಿಯ ಎಂಎಲ್‌ಒ ಜೀನ್ ಕೆಟ್ಟರೆ ಬೂದಿ ರೋಗ ತಡೆಯುತ್ತದೆ. ಟೊಮೇಟೊದಲ್ಲಿ ಎಲೆಸುರುಟು ವೈರಸ್ ತಡೆಯುವ ಟಿವೈ-1 ಕಾಡು ಸಂಬಂಧಿ ಸೊಲಾನಮ್ ಚಿಲೆನ್ಸ್‌ನಿಂದ ಬಂದದ್ದು. ಮೊದಲನೆಯ ಬಗೆಯ ಕ್ಲೇಮ್ ಜೀನ್‌ನ ಕೆಲಸ ಕಡಿಮೆಯಾಗುವುದರ ಸುತ್ತ, ಎರಡನೆಯದು ಕ್ರೋಮೋಸೋಮ್ ತುಂಡು ಮತ್ತು ಅದನ್ನು ಗುರುತಿಸುವ ಡಿಎನ್‌ಎ ಮಾರ್ಕರ್‌ಗಳ ಸುತ್ತ ಕಟ್ಟಿರುತ್ತದೆ.

ಮೂರನೆಯದು ಬೀಜದ ಠೇವಣಿ. ಬರವಣಿಗೆಯಿಂದ ತಿಳಿಸಲಾಗದ್ದನ್ನು ಬೀಜವಾಗಿಯೇ ಮಾನ್ಯ ಸಂಗ್ರಹದಲ್ಲಿ ಇಡುತ್ತಾರೆ. ಸ್ಕಾಟ್ಲೆಂಡಿನ ಅಬರ್ಡೀನ್‌ನ ಎನ್‌ಸಿಐಎಂಬಿ ಅಂಥದ್ದು. ಕ್ಲೇಮ್‌ನಲ್ಲಿ ಠೇವಣಿ ಸಂಖ್ಯೆ ಬಂದರೆ ಬೇಲಿ ಆ ಬೀಜಕ್ಕೆ ಬಿಗಿಯಾಗಿ ಕಟ್ಟಿಕೊಂಡಿರಬಹುದು.

ಒಂದೇ ಆವಿಷ್ಕಾರಕ್ಕೆ ದೇಶದಿಂದ ದೇಶಕ್ಕೆ ಬೇರೆ ಬೇರೆ ಕ್ಲೇಮ್ ಇರುತ್ತದೆ, ಆದ್ದರಿಂದ ಪೇಟೆಂಟ್ ಕುಟುಂಬವನ್ನು, ಅಂದರೆ ಆ ಎಲ್ಲ ಸಂಬಂಧಿತ ಕಡತಗಳ ಗುಂಪನ್ನು, ಪೂರ್ತಿ ತೆರೆಯಿರಿ. ಬರೀ ಅಡ್ಡತಳಿ ಮತ್ತು ಆಯ್ಕೆಯಿಂದ ಬಂದ ಗಿಡಗಳಿಗೆ ಪೇಟೆಂಟ್ ಇಲ್ಲವೆಂದು ಯುರೋಪಿನ ಪೇಟೆಂಟ್ ಕಚೇರಿಯ ವಿಸ್ತೃತ ಮೇಲ್ಮನವಿ ಮಂಡಳಿ 2020ರ ಮೇ 14ರಂದು ಹೇಳಿತು. 2017ರ ಜುಲೈ 1ಕ್ಕಿಂತ ಮೊದಲಿನ ಅರ್ಜಿಗಳಿಗೆ ಅದು ಅನ್ವಯಿಸದು. ಅಮೆರಿಕದಲ್ಲಿ ಇಂಥ ತಡೆಯಿಲ್ಲ.

ಕೊನೆಗೆ ಜೀವ ಇದೆಯೇ ನೋಡಿ. ಶುಲ್ಕ ಕಟ್ಟದೆ ಬಿದ್ದುಹೋದ ಪೇಟೆಂಟ್‌ಗಳು ಅನೇಕ. ಅಮೆರಿಕದಲ್ಲಿ ಮಂಜೂರಾತಿಯಿಂದ 3.5, 7.5, 11.5ನೇ ವರ್ಷಕ್ಕೆ ಶುಲ್ಕ ಬೀಳುತ್ತದೆ. ಗೂಗಲ್ ಪೇಟೆಂಟ್ಸ್ ತೋರಿಸುವ ಸ್ಥಿತಿ ಅಂದಾಜು ಮಾತ್ರ. ಆಯಾ ದೇಶದ ಕಚೇರಿಯ ದಾಖಲೆಯಲ್ಲೇ ಖಚಿತ ಮಾಡಿಕೊಳ್ಳಿ. ಅದೇ ಕುಟುಂಬದಲ್ಲಿ ಇನ್ನೂ ವಿಚಾರಣೆಯಲ್ಲಿರುವ ಅರ್ಜಿ ಇದ್ದರೆ ಅದರ ಕ್ಲೇಮ್ ನಾಳೆ ಬದಲಾಗಬಹುದು. ಅದರ ಸಂಖ್ಯೆ ಬರೆದಿಟ್ಟು ಆಗಾಗ ತೆರೆದು ನೋಡಿ.